ವಿನ್ಯಾಸ ಕಲಿಸಿ, ತಾಮ್ರ ಕರಗಿಸುವುದನ್ನು ಕಾರ್ಖಾನೆಗೆ ಬಿಡಿ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರವಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬ್ಯಾಗು ಹೊತ್ತು ಬಂದ ಹುಡುಗ ಹುಡುಗಿಯರ ಚೀಟಿಯಲ್ಲಿ ಸೆನ್ಸರ್, ರಿಲೇ, ರೆಸಿಸ್ಟರುಗಳ ಜೊತೆಗೆ ಇನ್ನೆರಡು ಸಾಮಾನು ಇಂದಿಗೂ ಕಾಣಸಿಗುತ್ತವೆ: ಒಂದು ತುಂಡು ಕಾಪರ್ ಕ್ಲಾಡ್, ಒಂದು ಪೊಟ್ಟಣ ಫೆರಿಕ್ ಕ್ಲೋರೈಡ್. ಸರ್ಕ್ಯೂಟ್ ಬೋರ್ಡನ್ನು, ಅಂದರೆ ಪಿಸಿಬಿಯನ್ನು, ಹಾಸ್ಟೆಲಿನ ಬಚ್ಚಲಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಸ್ವತಃ ಮಾಡಿಕೊಳ್ಳುವ ಸರಂಜಾಮು ಅದು. ಒಮ್ಮೆ ಮಾಡಿ ನೋಡುವುದಕ್ಕೆ ಇದು ಸೊಗಸಾದ ಪಾಠ. ಆದರೆ ಪ್ರಾಜೆಕ್ಟಿನ ಬೋರ್ಡ್ ತಯಾರಿಸಲು ಇದೇ ದಾರಿ ಎಂದು ನಂಬಿ ಕೂತರೆ ವಿದ್ಯಾರ್ಥಿಯ ಸಮಯವೂ ಹಾಳು, ಚರಂಡಿಯ ನೀರೂ ಹಾಳು.

ಕಾಪರ್ ಕ್ಲಾಡ್ ಎಂದರೆ ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದ ಮಾಡಿದ ಹಲಗೆಯ ಮೇಲೆ ತಲೆಗೂದಲಿಗಿಂತ ತೆಳ್ಳಗಿನ, ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ತಾಮ್ರದ ಹೊದಿಕೆ. ಬೇಕಾದ ಕಡೆ ತಾಮ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಕರಗಿಸಿದರೆ, ಉಳಿದ ಗೆರೆಗಳೇ ತಂತಿಯ ಕೆಲಸ ಮಾಡುತ್ತವೆ. ಅದಕ್ಕಾಗಿ ಲೇಸರ್ ಪ್ರಿಂಟರಿನಲ್ಲಿ ಸರ್ಕ್ಯೂಟಿನ ನಕ್ಷೆಯನ್ನು ಎಡಬಲ ತಿರುಗಿಸಿ ಗ್ಲಾಸಿ ಕಾಗದದ ಮೇಲೆ ತೆಗೆಯುತ್ತಾರೆ. ಇಂಕ್‌ಜೆಟ್ ಇಲ್ಲಿ ನಡೆಯದು. ಲೇಸರ್ ಪ್ರಿಂಟರಿನ ಟೋನರ್ ಪ್ಲಾಸ್ಟಿಕ್ ಬೆರೆತ ಪುಡಿಯಾದ್ದರಿಂದ ಬಿಸಿಗೆ ಕರಗಿ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಬಿಸಿ ಕೊಡುವುದು ಮನೆಯ ಇಸ್ತ್ರಿ ಪೆಟ್ಟಿಗೆ. ಆಮೇಲೆ ನೀರಿನಲ್ಲಿ ನೆನೆಸಿ, ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆದರೆ ಕಪ್ಪು ಗೆರೆಗಳು ನಿಲ್ಲುತ್ತವೆ. ಇಸ್ತ್ರಿ ಜಾಸ್ತಿ ಒತ್ತಿದರೆ ಟೋನರ್ ಹರಡಿ ಅಕ್ಕಪಕ್ಕದ ಗೆರೆಗಳು ಕೂಡಿಕೊಳ್ಳುತ್ತವೆ; ಕಡಿಮೆ ಒತ್ತಿದರೆ ಕಾಗದದ ಜೊತೆ ಗೆರೆಯೂ ಎದ್ದು ಬರುತ್ತದೆ. ಅಳಿಸಿಹೋದ ಜಾಗವನ್ನು ಮಾರ್ಕರ್ ಪೆನ್ನಿನಿಂದ ತಿದ್ದಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಚ್ಚಗಿನ ಫೆರಿಕ್ ಕ್ಲೋರೈಡ್ ದ್ರಾವಣದೊಳಗೆ ಅಲ್ಲಾಡಿಸುತ್ತ ಕೂತರೆ ಅರ್ಧ ಗಂಟೆಯೊಳಗೆ ಬೇಡದ ತಾಮ್ರ ಮಾಯ. ಕೊನೆಗೆ ಸಣ್ಣ ಡ್ರಿಲ್ಲಿನಿಂದ 0.8 ಮಿಲಿಮೀಟರ್ ತೂತುಗಳು. ಕೈ ಚೂರು ಓರೆಯಾಯಿತೋ, ಬಿಟ್ ಮುರಿಯಿತು.

ಇದರಲ್ಲೊಂದು ಖುಷಿ ಇದೆ, ಇಲ್ಲವೆನ್ನಲಾಗದು. ಪಿಸಿಬಿಯ ಚರಿತ್ರೆ ಶುರುವಾಗುವುದೇ ಒಂದು ಬಾಡಿಗೆ ಕೋಣೆಯಿಂದ. ವಿಯೆನ್ನಾದಲ್ಲಿ ಹುಟ್ಟಿದ ಎಂಜಿನಿಯರ್ ಪೌಲ್ ಐಸ್ಲರ್ 1936ರಲ್ಲಿ ಇಂಗ್ಲೆಂಡಿಗೆ ಬಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ವಸತಿಗೃಹವೊಂದರಲ್ಲಿ ಇದ್ದುಕೊಂಡು ಮುದ್ರಿತ ಸರ್ಕ್ಯೂಟ್ ಬಳಸಿದ ರೇಡಿಯೋ ಕಟ್ಟಿದರು. ಆದರೆ ಕತೆಯ ಮುಂದಿನ ಭಾಗವನ್ನೂ ಗಮನಿಸಬೇಕು. ಐಸ್ಲರ್ ಕೋಣೆಯಲ್ಲೇ ಕೂತು ಬೋರ್ಡ್ ಮಾಡುತ್ತ ಉಳಿಯಲಿಲ್ಲ. ಲಿಥೋ ಮುದ್ರಣದ ಕಂಪನಿಯೊಂದರ ಬೆಂಬಲ ಪಡೆದು, 1943ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ತಮ್ಮ ವಿಧಾನವನ್ನು ಮುದ್ರಣ ಬಲ್ಲವರ ಕೈಗೆ ಕೊಟ್ಟರು.

ಮನೆಯಲ್ಲಿ ಕರಗಿಸಿದ ತಾಮ್ರ ಎಲ್ಲಿಗೆ ಹೋಗುತ್ತದೆ? ಹತ್ತು ಸೆಂಟಿಮೀಟರ್ ಚೌಕದ ಒಂದೇ ಬದಿಯ ಬೋರ್ಡಿನ ಮೇಲೆ ಸುಮಾರು 3 ಗ್ರಾಂ ತಾಮ್ರ ಇರುತ್ತದೆ. ಅದರಲ್ಲಿ 2 ಗ್ರಾಂ ದ್ರಾವಣ ಸೇರಿತು ಎಂದುಕೊಳ್ಳೋಣ. ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಇರಬಾರದು ಎನ್ನುತ್ತವೆ ನಮ್ಮ ಪರಿಸರ ಸಂರಕ್ಷಣಾ ನಿಯಮಗಳು. ಆ ಲೆಕ್ಕದಲ್ಲಿ ಅಂಗೈಯಗಲದ ಒಂದು ಬೋರ್ಡಿನ ಕೊಳೆಯನ್ನು ಮಿತಿಯೊಳಗೆ ತರಲು 650 ಲೀಟರಿಗೂ ಹೆಚ್ಚು ನೀರು ಬೇಕು. ಮೀನಿಗೂ ಪಾಚಿಗೂ ತಾಮ್ರ ವಿಷ. ಕೊಳಚೆ ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೂ ಅದು ಆಗಿಬರದು. ವಾಷಿಂಗ್ ಸೋಡಾ ಹಾಕಿ ತಾಮ್ರವನ್ನು ತಳಕ್ಕಿಳಿಸಬಹುದು, ನಿಜ. ಆ ಕೆಸರನ್ನಾದರೂ ಒಯ್ದು ಸುರಿಯುವುದು ಎಲ್ಲಿ? ದ್ರಾವಣ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಸ್ಟೀಲ್ ಸಿಂಕಿಗೆ ಬಿದ್ದರೆ ಸಿಂಕನ್ನೂ ತಿನ್ನುತ್ತದೆ. ಹೀಗಿರುವಾಗ ನೂರು ವಿದ್ಯಾರ್ಥಿಗಳು ನೂರು ಬಚ್ಚಲುಗಳಲ್ಲಿ ತಟ್ಟೆ ಬಗ್ಗಿಸುವುದನ್ನು ಸ್ವಾವಲಂಬನೆ ಎನ್ನುವುದು ಕಷ್ಟ.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳದಂಥದ್ದು. ಮನೆ ವಿಧಾನವನ್ನು ನಂಬಿದವರು ತಮಗರಿವಿಲ್ಲದೆಯೇ ಹಳೆಯ ಕಾಲದ ಸರ್ಕ್ಯೂಟ್ ವಿನ್ಯಾಸ ಮಾಡತೊಡಗುತ್ತಾರೆ. ರಾಸ್ಪ್‌ಬೆರಿ ಪೈನವರು 2021ರಲ್ಲಿ ತಂದ ಆರ್‌ಪಿ2040 ಚಿಪ್ಪನ್ನೇ ನೋಡಿ. ಏಳು ಮಿಲಿಮೀಟರ್ ಚೌಕದ ಆ ಚೂರಿನ ಸುತ್ತ 56 ಸಂಪರ್ಕಗಳು. ಒಂದರಿಂದ ಇನ್ನೊಂದಕ್ಕೆ 0.4 ಮಿಲಿಮೀಟರ್ ಮಾತ್ರ. ಹೊಟ್ಟೆಯ ಅಡಿಯಲ್ಲಿ ಗ್ರೌಂಡಿಗೆಂದು ಇನ್ನೊಂದು ಪ್ಯಾಡ್. ಇಸ್ತ್ರಿ ಪೆಟ್ಟಿಗೆಯ ಭರವಸೆಯಲ್ಲಿ 0.3 ಮಿಲಿಮೀಟರಿಗಿಂತ ಸಣ್ಣ ಗೆರೆಗೆ ಕೈಹಾಕುವುದು ಜೂಜು. ಬೋರ್ಡಿನ ಎರಡೂ ಬದಿಯ ಗೆರೆಗಳನ್ನು ಜೋಡಿಸುವ ತೂತಿನ ಒಳಗೋಡೆಗೆ ತಾಮ್ರ ಲೇಪಿಸುವುದಂತೂ ಮನೆಯಲ್ಲಿ ಆಗುವ ಮಾತಲ್ಲ. ಪ್ರತಿ ತೂತಿಗೂ ತಂತಿಯ ಚೂರು ತೂರಿಸಿ ಎರಡೂ ಕಡೆ ಬೆಸುಗೆ ಹಾಕಬೇಕು. ಹಾಗಾಗಿ ವಿದ್ಯಾರ್ಥಿ ಮತ್ತೆ 2.54 ಮಿಲಿಮೀಟರ್ ಅಂತರದ ಕಾಲುಗಳ ದಪ್ಪ ಐಸಿಗೆ ಮರಳುತ್ತಾನೆ, ಇಲ್ಲವೇ ಅಂಗಡಿಯ ಸಿದ್ಧ ಮಾಡ್ಯೂಲನ್ನು ತಂದು ಸಿಕ್ಕಿಸುತ್ತಾನೆ. ನಾಲ್ಕು ಮಾಡ್ಯೂಲುಗಳ ನಡುವೆ ಗೆರೆ ಎಳೆದು ಅದನ್ನೇ ‘ಪಿಸಿಬಿ ವಿನ್ಯಾಸ’ ಎಂದು ವರದಿಯಲ್ಲಿ ಬರೆಯುತ್ತಾನೆ. ನಾಳೆ ಅವನಿಗೆ ಕೆಲಸ ಕೊಡುವ ಕಂಪನಿಯಲ್ಲಿ ಯಾರೂ ಹೀಗೆ ಬೋರ್ಡ್ ಮಾಡುವುದಿಲ್ಲ.

ಕಾರ್ಖಾನೆಗೆ 0.15 ಮಿಲಿಮೀಟರಿನ ಗೆರೆ ದಿನನಿತ್ಯದ ಕೆಲಸ. ತೂತಿಗೆ ಲೇಪ, ಮೇಲೆ ಹಸಿರು ಸೋಲ್ಡರ್ ಮಾಸ್ಕ್, ಬಿಡಿಭಾಗಗಳ ಹೆಸರು ಹೇಳುವ ಬಿಳಿ ಅಕ್ಷರ, ಗೆರೆ ಎಲ್ಲೂ ಕಡಿದಿಲ್ಲ ಎನ್ನುವ ವಿದ್ಯುತ್ ಪರೀಕ್ಷೆ, ಎಲ್ಲವೂ ಒಂದೇ ಆರ್ಡರಿನಲ್ಲಿ ಬರುತ್ತವೆ. ಚೀನಾದ ಶೆಂಜೆನ್‌ನ ಜೆಎಲ್‌ಸಿಪಿಸಿಬಿ ಹತ್ತು ಸೆಂಟಿಮೀಟರ್ ಚೌಕದೊಳಗಿನ ಐದು ಬೋರ್ಡುಗಳನ್ನು ಎರಡು ಡಾಲರಿಗೆ ಮಾಡಿಕೊಟ್ಟು ಜಗತ್ತಿನ ಹವ್ಯಾಸಿಗಳ ಅಭ್ಯಾಸವನ್ನೇ ಬದಲಿಸಿತು. ನಮ್ಮಲ್ಲಿಗೆ ತರಿಸುವಾಗ ಕೊರಿಯರ್ ಮತ್ತು ಕಸ್ಟಮ್ಸ್ ಖರ್ಚು ಬೋರ್ಡಿನ ಬೆಲೆಯನ್ನು ಎಷ್ಟೋ ಮೀರುತ್ತದೆ ಎಂಬುದು ಬೇರೆ ಮಾತು. ಆದರೆ ಅಷ್ಟು ದೂರ ಹೋಗಲೇಬೇಕೆಂದೇನಿಲ್ಲ. ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್, ಗುಜರಾತಿನ ಗಾಂಧಿನಗರದ ಪಿಸಿಬಿ ಪವರ್ ಆನ್‌ಲೈನಿನಲ್ಲೇ ಸಣ್ಣ ಆರ್ಡರ್ ತೆಗೆದುಕೊಳ್ಳುತ್ತವೆ. ದೊಡ್ಡ ಪ್ರಮಾಣದ ತಯಾರಿಕೆಯೂ ಕರ್ನಾಟಕಕ್ಕೆ ಹೊಸದಲ್ಲ: ನಂಜನಗೂಡಿನ ಇಂಡಾಲ್ ಎಲೆಕ್ಟ್ರಾನಿಕ್ಸ್ ಘಟಕವನ್ನು 1999ರಲ್ಲಿ ಕೊಂಡದ್ದು ಐಸ್ಲರ್ ಹುಟ್ಟಿದ ಆಸ್ಟ್ರಿಯಾದ್ದೇ ಕಂಪನಿ, ಎಟಿ ಅಂಡ್ ಎಸ್.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು ಕಾಯುವಿಕೆಯದು. ಮನೆಯಲ್ಲಾದರೆ ಸಂಜೆಗೇ ಬೋರ್ಡ್ ಸಿದ್ಧ, ಆರ್ಡರ್ ಮಾಡಿದರೆ ವಾರ ಕಾಯಬೇಕು. ಆದರೆ ವಿನ್ಯಾಸಕ್ಕೆ ಶಿಸ್ತು ಕಲಿಸುವುದೂ ಆ ವಾರವೇ. ತಪ್ಪಾದರೆ ಮತ್ತೊಂದು ವಾರ ಹೋಗುತ್ತದೆ ಎಂಬ ಹೆದರಿಕೆ ಇದ್ದಾಗ ವಿದ್ಯಾರ್ಥಿ ಕನೆಕ್ಟರಿನ ಕಾಲುಗಳನ್ನು ಡೇಟಾಶೀಟಿನೊಂದಿಗೆ ಎರಡು ಸಲ ತಾಳೆ ನೋಡುತ್ತಾನೆ. ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಬಿಡಿಭಾಗಗಳನ್ನು ಮೇಲಿಟ್ಟು ಪರೀಕ್ಷಿಸುತ್ತಾನೆ. 1992ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಝಾನ್ ಪಿಯರ್ ಶರಾಸ್ ಶುರುಮಾಡಿದ, ಮುಂದೆ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಕೂಡ ಕೈಜೋಡಿಸಿದ ಕಿಕ್ಯಾಡ್ ಎಂಬ ಪಿಸಿಬಿ ವಿನ್ಯಾಸದ ತಂತ್ರಾಂಶ ಇವತ್ತು ಎಲ್ಲರಿಗೂ ಉಚಿತ. ಗೆರೆಗಳ ಅಂತರ ಸಾಲದಿದ್ದರೆ, ತೂತು ಅಂಚಿಗೆ ತೀರ ಹತ್ತಿರ ಬಂದರೆ ಅದು ತಾನೇ ಎಚ್ಚರಿಸುತ್ತದೆ. ಕಾರ್ಖಾನೆಗೆ ಬೇಕಾದ ಗರ್ಬರ್ ಕಡತವನ್ನೂ ತೆಗೆದುಕೊಡುತ್ತದೆ.

ವಿನ್ಯಾಸವೇ ಮುಖ್ಯ ಎಂಬ ಈ ಪಾಠ ಬೆಂಗಳೂರಿಗೆ ಗೊತ್ತಿಲ್ಲದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಸ್ ಸಹಕಾರದಿಂದ ಆರಂಭವಾದ ಸಿಇಡಿಟಿ, ಎಂದರೆ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ, ತನ್ನ ಹೆಸರಿನಲ್ಲೇ ವಿನ್ಯಾಸವನ್ನು ಮುಂದಿಟ್ಟಿತ್ತು. ಅದೇ ಕೇಂದ್ರದ ಮಾಲಿಕೆಯಲ್ಲಿ ಬಂದ ವಾಲ್ಟರ್ ಬೊಶಾರ್ಟ್ ಅವರ ಪಿಸಿಬಿ ಪುಸ್ತಕವನ್ನು ನಮ್ಮ ಎಷ್ಟೋ ಕಾಲೇಜುಗಳು ಓದಿಸಿವೆ. ಅದೂ ವಿನ್ಯಾಸ, ತಯಾರಿಕೆ ಎರಡನ್ನೂ ಒಟ್ಟಿಗೇ ಕಲಿಸುವ ಪುಸ್ತಕ. ಲ್ಯಾಬಿನಲ್ಲಿ ಮಾತ್ರ ತಟ್ಟೆ ಅಲ್ಲಾಡಿಸುವ ಅರ್ಧವೇ ಪೂರ್ತಿ ಪಾಠವಾಗಿಬಿಟ್ಟಿದೆ.

ಎರಡನೇ ಆಕ್ಷೇಪ ದುಡ್ಡಿನದು, ಇದನ್ನು ತಳ್ಳಿಹಾಕುವಂತಿಲ್ಲ. ಬಳ್ಳಾರಿಯದೋ ಬೀದರಿನದೋ ಡಿಪ್ಲೊಮಾ ವಿದ್ಯಾರ್ಥಿಗೆ ಒಂದೇ ಒಂದು ಬೋರ್ಡಿನ ಆರ್ಡರ್ ದುಬಾರಿಯೇ. ಅಮೆರಿಕದ ಪೋರ್ಟ್‌ಲೆಂಡ್‌ನ ಹವ್ಯಾಸಿಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಹಲವರ ವಿನ್ಯಾಸಗಳನ್ನು ಒಂದೇ ದೊಡ್ಡ ಹಲಗೆಯಲ್ಲಿ ಕೂರಿಸಿ, ಖರ್ಚು ಹಂಚಿಕೊಂಡು, ಒಟ್ಟಿಗೆ ಆರ್ಡರ್ ಮಾಡುತ್ತಿದ್ದರು. ಆ ಏರ್ಪಾಡೇ ಬೆಳೆದು, ನೇರಳೆ ಬಣ್ಣದ ಬೋರ್ಡಿಗೆ ಹೆಸರಾದ ಓಶ್ ಪಾರ್ಕ್ ಎಂಬ ಸಂಸ್ಥೆಯಾಯಿತು. ನಮ್ಮ ಪಾಲಿಟೆಕ್ನಿಕ್ಕುಗಳಿಗೂ ಎಂಜಿನಿಯರಿಂಗ್ ಕಾಲೇಜುಗಳಿಗೂ ಇದೇನು ಅಸಾಧ್ಯವಲ್ಲ. ತಿಂಗಳಿಗೆರಡು ಬಾರಿ ಎಲ್ಲ ಗುಂಪುಗಳ ಗರ್ಬರ್ ಕಡತ ಒಟ್ಟುಮಾಡಿ, ಲ್ಯಾಬಿನ ಖರ್ಚಿನಲ್ಲೇ ಹತ್ತಿರದ ತಯಾರಕರಿಗೆ ಕಳಿಸಬಹುದು.

ಫೆರಿಕ್ ಕ್ಲೋರೈಡನ್ನು ಪೂರ್ತಿ ನಿಷೇಧಿಸಬೇಕಿಲ್ಲ. ಒಂದೇ ಬದಿಯ ಪವರ್ ಸಪ್ಲೈ, ಕೆಟ್ಟ ಯಂತ್ರಕ್ಕೆ ಇವತ್ತೇ ಬೇಕಾದ ಬದಲಿ ಬೋರ್ಡ್, ಇಂಥವಕ್ಕೆ ಮನೆ ವಿಧಾನವೇ ಸರಿ. ಪ್ರತಿ ವಿದ್ಯಾರ್ಥಿಯೂ ಮೂರನೇ ಸೆಮಿಸ್ಟರಿನಲ್ಲಿ ಒಮ್ಮೆ, ಕೈಗವಸು ಕನ್ನಡಕ ಹಾಕಿಕೊಂಡು, ಲ್ಯಾಬಿನಲ್ಲೇ ತಾಮ್ರ ಕರಗಿಸಿ ಬೋರ್ಡ್ ಮಾಡಲಿ; ಬಳಸಿದ ದ್ರಾವಣವನ್ನು ಕಾಲೇಜು ಕ್ಯಾನಿನಲ್ಲಿ ಕೂಡಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ವಿಲೇವಾರಿದಾರರಿಗೆ ಒಪ್ಪಿಸಲಿ. ಕೊನೆಯ ವರ್ಷದ ವೈವಾದಲ್ಲಿ ಮಾತ್ರ ಪರೀಕ್ಷಕರು ‘ಬೋರ್ಡನ್ನು ನೀವೇ ಮಾಡಿದಿರಾ’ ಎಂದು ಕೇಳುವುದನ್ನು ಬಿಟ್ಟು, ಮೊದಲ ಆವೃತ್ತಿಯ ಬೋರ್ಡಿನಲ್ಲಿ ಏನು ತಪ್ಪಿತ್ತು, ಎರಡನೆಯದರಲ್ಲಿ ಯಾವ ಗೆರೆ ಬದಲಾಯಿತು, ಯಾಕೆ ಬದಲಾಯಿತು ಎಂದು ಕೇಳಬೇಕು. ಅಂಕವನ್ನೂ ಆ ಉತ್ತರಕ್ಕೇ ಕೊಡಬೇಕು.