ಗಾಳಿಗೂ ಒಂದು ತಕ್ಕಡಿ ಬೇಕು



ಅಮರಗೋಳದ ಎಪಿಎಂಸಿ ಪ್ರಾಂಗಣದೊಳಗೆ ಚೀಲ ಇಳಿಸಿದ ಕೂಡಲೇ ನಮ್ಮ ಕಣ್ಣು ಕಾಟಾದ ಮ್ಯಾಲಿರತದ. ತೂಕದೊಳಗೆ ಅರ್ಧ ಕಿಲೋ ಹೊಡೆದರೂ ಜಗಳಕ್ಕೆ ನಿಲ್ಲುತ್ತೇವೆ. ನಿಲ್ಲಲೇಬೇಕು. ಆದರೆ ಅದೇ ಹೊತ್ತಿಗೆ ಮೆಣಸಿನಕಾಯಿ ಘಾಟು, ಲಾರಿ ಹೊಗೆ, ರಸ್ತೆಯ ಧೂಳು ಎದೆಯೊಳಗೆ ಎಷ್ಟು ಹೋತು, ಅದನ್ನು ತೂಗುವವರಾರು?

ಗಾಳಿಯ ಧೂಳನ್ನೂ ತೂಗಲಿಕ್ಕೆ ಬರತದ. ಯಂತ್ರ ಗಾಳಿ ಎಳೆದು ಸೋಸು ಕಾಗದದ ಮೂಲಕ ಹಾಯಿಸುತ್ತದೆ. ಕಾಗದವನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತಾರೆ. ಹೆಚ್ಚಾದದ್ದೇ ಧೂಳು. ಬರೇ ಚೀಲದ ತೂಕ ಕಳೆದು ಮಾಲಿನ ತೂಕ ಹಿಡಿದಂಗ. 2009ರ ರಾಷ್ಟ್ರೀಯ ಮಾನದಂಡದಂತೆ 10 ಮೈಕ್ರಾನಿನೊಳಗಿನ ಸಣ್ಣ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನಕ್ಕೆ 100, ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ಒಂದು ಗ್ರಾಮಿನ ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಮೈಕ್ರೋಗ್ರಾಂ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ, ಮಾನದಂಡ ಮೀರಿದ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರ್ಗಿಯ ಜೋಡಿ ನಮ್ಮ ಹುಬ್ಬಳ್ಳಿ-ಧಾರವಾಡವೂ ಸೇರಿತ್ತು.

ಸರಾಸರಿ ಅನ್ನುವ ಮಾತನ್ನು ಮಾತ್ರ ಹುಷಾರಾಗಿ ನೋಡಿರಿ. ಈ ಕಾಗದದ ಅಳತೆ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಮಾಡುವುದು ಪದ್ಧತಿ. ಉಳ್ಳಾಗಡ್ಡಿಯ ವರ್ಷದ ಸರಾಸರಿ ದರ ಕಾಗದದ ಮ್ಯಾಲೆ ಚಲೋನೇ ಕಾಣತದ. ನಾವು ಮಾಲು ತಂದ ದಿನ ಏನು ದರ ಇತ್ತು ಅನ್ನುವುದು ನಮಗೆ ಗೊತ್ತು. ಧೂಳಿನದೂ ಹಂಗ. ಮಳೆಗಾಲದ ತೊಳೆದ ಗಾಳಿ ಸುಗ್ಗಿಯ ಧೂಳನ್ನು ಲೆಕ್ಕದಾಗ ಮುಚ್ಚಿಬಿಡತದ.

ಸಪ್ಪಳದ ಮಾತೂ ಅಷ್ಟೇ. 1981ರ ವಾಯು ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾಗಿ ಸಪ್ಪಳವೂ ಮಾಲಿನ್ಯವೆನಿಸಿತು. 2000ದ ನಿಯಮದಂತೆ ವ್ಯಾಪಾರ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್ ಮಿತಿ. ಲಾರಿ ಹಾರ್ನಿನ ನಡುವೆ ದಿನವಿಡೀ ನಿಂತವರಿಗೆ ಈ ಮಿತಿ ಗೊತ್ತಿರಬೇಕಲ್ಲವೇ?

ಇದು ಪ್ಯಾಟಿಯವರ ಚಿಂತಿ, ನಮಗ್ಯಾಕ ಅನ್ನಬೇಡಿರಿ. ದವಾಖಾನೆ ಬಿಲ್ಲೂ ಸಾಲವೇ. ಕೆಮ್ಮುತ್ತ ಮನೆಯಾಗ ಕುಂತ ಹಮಾಲನಿಗೆ ಆ ದಿನದ ಕೂಲಿಯಿಲ್ಲ. ರೈತನಿಗೆ ಬಡ್ಡಿ ನಿಲ್ಲುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಸುಗ್ಗಿ ತಿಂಗಳುಗಳಲ್ಲಿ ಪ್ರಾಂಗಣದೊಳಗೇ, ಹಮಾಲರು ಉಸಿರಾಡುವ ಜಾಗದಲ್ಲೇ, ದಿನಾಲೂ ಅಳತೆಯಾಗಲಿ. ದರದ ಫಲಕದ ಪಕ್ಕದಲ್ಲಿ ಆ ಅಂಕಿ ಬರಲಿ. ಮಿತಿ ದಾಟಿದ ದಿನ ನೀರು ಹೊಡೆಸುವುದು, ನಿಂತ ಲಾರಿಯ ಇಂಜಿನ್ ಬಂದ್ ಮಾಡಿಸುವುದು ಮಾರುಕಟ್ಟೆ ಸಮಿತಿಯ ಹೊಣೆಯಾಗಲಿ. ನಾವು ಹೊಲದಾಗ ಸುಡುವ ಕಸ, ರವದಿಯ ಹೊಗೆಯೂ ಅದೇ ಲೆಕ್ಕಕ್ಕೆ ಬರಲಿ. ತಕ್ಕಡಿ ಎಲ್ಲರಿಗೂ ಒಂದೇ.

ಮುಂದಿನ ಸಲ ಮಾಲು ತಂದಾಗ ಸಮಿತಿಯ ಕಚೇರಿಗೆ ಹತ್ತು ಮಂದಿ ಕೂಡಿ ಹೋಗಿ ಅರ್ಜಿ ಕೊಡಿರಿ. ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ಹೋಗಲಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿರಿ.