ನೋಡು, ನೋಡಿ, ನೋಡೋಣ: ಫ್ರೆಂಚ್ ವಿಧ್ಯರ್ಥವನ್ನು ಮನೆಮಾತಿನಿಂದ ಕಲಿಸಬಾರದೇಕೆ?

ಫ್ರೆಂಚ್ ಭಾಷೆಯ ವಿಧ್ಯರ್ಥ ರೂಪವನ್ನು ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಮೂಲಕ ವಿವರಿಸುವುದು ಸುತ್ತುದಾರಿ ಎಂಬುದು ನನ್ನ ಅಭಿಪ್ರಾಯ. ಮಗುವಿನ ಮನೆಮಾತಿನಲ್ಲಿ ಈ ರೂಪ ಹೆಚ್ಚುಕಡಿಮೆ ಹಾಗೆಯೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ಇಲ್ಲ. ಆದರೂ ನಾವು ಇಲ್ಲದ ಕಡೆಯಿಂದಲೇ ಪಾಠ ಆರಂಭಿಸುತ್ತೇವೆ.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಬಿ.ಎಸ್ಸಿ.ಯಲ್ಲಿ ಭಾಷಾ ವಿಷಯವಾಗಿ ಫ್ರೆಂಚ್ ಓದಿದ್ದರಿಂದ, ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಏಳನೇ ತರಗತಿಯ ಫ್ರೆಂಚ್ ಅವಧಿಗಳನ್ನು ವೀಕ್ಷಿಸಲು ಮತ್ತು ಮೂರು ಅವಧಿ ಪಾಠ ಮಾಡಲು ಅವಕಾಶ ಸಿಕ್ಕಿತು. ಈ ಲೇಖನಕ್ಕೆ ಆ ಅವಧಿಗಳೇ ಕಾರಣ.

ಸಾಮಾನ್ಯವಾಗಿ ಪಾಠ ಹೀಗೆ ಸಾಗುತ್ತದೆ. ಶಿಕ್ಷಕರು ವರ್ತಮಾನ ಕಾಲದ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಆರು ಸಾಲುಗಳಲ್ಲಿ ಮೂರನ್ನು ಉಳಿಸಿ, ಉಳಿದವನ್ನು ಅಳಿಸುತ್ತಾರೆ. ಉಳಿದವು ತ್ಯು (ನೀನು), ನೂ (ನಾವು), ವೂ (ನೀವು). ಈ ಸರ್ವನಾಮಗಳನ್ನೂ ತೆಗೆದರೆ ವಿಧ್ಯರ್ಥ ಸಿದ್ಧ. ಆಮೇಲೆ ಒಂದು ನಿಯಮ: ಇ-ಆರ್ ಅಂತ್ಯದ ಕ್ರಿಯಾಪದಗಳಲ್ಲಿ ತ್ಯು ರೂಪದ ಕೊನೆಯ ಎಸ್ ಅಕ್ಷರ ಬಿಡಬೇಕು. ಮಕ್ಕಳು ಬರೆದುಕೊಳ್ಳುತ್ತಾರೆ. ಅವಧಿಯ ಕೊನೆಗೆ ಹತ್ತು ಬಿಟ್ಟ ಸ್ಥಳ ತುಂಬುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಒಂದು ಅಪ್ಪಣೆಗೆ ಮೂರು ರೂಪ ಏಕೆ ಬೇಕು? ಇಂಗ್ಲಿಷಿನಲ್ಲಿ ಗೆಳೆಯನಿಗೂ, ಅಜ್ಜನಿಗೂ, ಇಡೀ ತರಗತಿಗೂ 'ಲುಕ್' ಎಂಬ ಒಂದೇ ಪದ ಸಾಕು. ಆದ್ದರಿಂದ ಇಂಗ್ಲಿಷ್ ಮೂಲಕ ಕಲಿಯುವ ಮಗುವಿಗೆ ಫ್ರೆಂಚ್ ಸುಮ್ಮನೆ ಕಷ್ಟ ಕೊಡುತ್ತಿದೆ ಎನಿಸುತ್ತದೆ.

ಈಗ ಕನ್ನಡದ ಪಕ್ಕದಲ್ಲಿಟ್ಟು ನೋಡೋಣ. ನೋಡು: ರಗಾರ್ದ್. ನೋಡಿ: ರಗಾರ್ದೆ. ನೋಡೋಣ: ರಗಾರ್ದೋಂ. ಓದು, ಓದಿ, ಓದೋಣ: ಲೀ, ಲೀಜ಼ೆ, ಲೀಜ಼ೋಂ. ಎರಡು ಭಾಷೆಯಲ್ಲೂ ಕರ್ತೃಪದ ಬೇಕಿಲ್ಲ, ಯಾರಿಗೆ ಹೇಳುತ್ತಿದ್ದೇವೆ ಎಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. 'ನೋಡಿ' ಎಂಬುದು ಒಬ್ಬ ಹಿರಿಯರಿಗೂ ಆಗುತ್ತದೆ, ಇಬ್ಬರು ಗೆಳೆಯರಿಗೂ ಆಗುತ್ತದೆ. ಫ್ರೆಂಚಿನ ವೂ ರೂಪವೂ ಅಷ್ಟೇ. ಗೌರವ ಮತ್ತು ಬಹುವಚನ ಒಂದೇ ರೂಪದಲ್ಲಿರುವ ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹಲಗೆಯ ಅರ್ಧ ಬೇಕು. ನನ್ನ ಎರಡನೇ ಅವಧಿಯಲ್ಲಿ ಅದನ್ನು ಒಬ್ಬ ಹುಡುಗಿಯೇ ಹೇಳಿದಳು: "ಮಿಸ್, ವೂ ಅಂದ್ರೆ ನಮ್ಮ 'ಬನ್ನಿ' ಥರಾನೇ." ಐದನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ಅವಳು. ನಾನು ವೀಕ್ಷಿಸಿದ ಫ್ರೆಂಚ್ ಅವಧಿಗಳಲ್ಲಿ ಅವಳು ತಾನಾಗಿ ಮಾತಾಡಿದ್ದನ್ನು ಕಂಡಿರಲಿಲ್ಲ.

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ ಎಂಬ ಹೆಸರೇ ಇದೆ. ಆದರೆ ಫ್ರೆಂಚ್ ಶಿಕ್ಷಕರಾಗಲಿರುವವರಿಗೆ ಆ ಕನ್ನಡ ಪಾಠವನ್ನು ತೆರೆದು ನೋಡಿ ಎಂದು ಯಾರೂ ಹೇಳುವುದಿಲ್ಲ.

ಎಸ್ ಅಕ್ಷರದ ನಿಯಮವನ್ನೂ ಹೀಗೆಯೇ ಹಗುರ ಮಾಡಬಹುದು. ಮೊದಲು ತಿಳಿಸಬೇಕಾದ್ದು, ಇದು ಬರವಣಿಗೆಯ ನಿಯಮ, ಮಾತಿನದಲ್ಲ ಎಂದು. 'ತ್ಯು ಪಾರ್ಲ್' ಎಂಬಲ್ಲಿ ಎಸ್ ಇದ್ದರೂ ಕೇಳಿಸುವುದಿಲ್ಲ, 'ಪಾರ್ಲ್' ಎಂದು ಅಪ್ಪಣೆ ಕೊಡುವಾಗ ಇಲ್ಲದಿದ್ದರೂ ಕಿವಿಗೆ ವ್ಯತ್ಯಾಸವಿಲ್ಲ. ಹಾಗಾದರೆ ಬಾಯಿಮಾತಿನ ಅಭ್ಯಾಸಕ್ಕೆ ಮುಂಚೆ ಈ ನಿಯಮ ಏಕೆ ಬರಬೇಕು? ಇನ್ನು 'ಹೋಗು' ಎಂಬುದಕ್ಕೆ ಫ್ರೆಂಚ್ ಪದ 'ವಾ'. ಇಲ್ಲೂ ಎಸ್ ಇಲ್ಲ. ಆದರೆ 'ಅಲ್ಲಿಗೆ' ಎಂಬ ಅರ್ಥದ 'ಇ' ಸೇರಿದಾಗ ಬಿಟ್ಟ ಎಸ್ ಮರಳಿ ಬಂದು 'ವಾಜ಼ಿ' ಆಗುತ್ತದೆ. ಮಕ್ಕಳು ಇದನ್ನು ಅಪವಾದ ಎಂದು ಬಾಯಿಪಾಠ ಮಾಡುತ್ತಾರೆ. ಎರಡು ಸ್ವರ ಎದುರಾದಾಗ ನಡುವೆ ಒಂದು ವ್ಯಂಜನ ಬರುವುದು ಕನ್ನಡದ ಮಗುವಿಗೆ ಹೊಸದಲ್ಲ. ಮನೆ ಮತ್ತು ಅನ್ನು ಸೇರಿ ಮನೆಯನ್ನು ಆಗುತ್ತದೆ. ಅದೇ ಆಗಮ ಸಂಧಿ. ಎರಡರ ಚರಿತ್ರೆ ಬೇರೆ ಇರಬಹುದು, ಆದರೆ ನಾಲಿಗೆಗೆ ಸಿಗುವ ಅನುಕೂಲ ಒಂದೇ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಶಿಕ್ಷಕರು ತಿಳಿದಿರಬೇಕು. ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು ನಿಷೇಧ. ಕನ್ನಡದಲ್ಲಿ 'ನೋಡಿ' ಎಂಬುದು 'ನೋಡಬೇಡಿ' ಆಗುತ್ತದೆ, ಕ್ರಿಯಾಪದದ ರೂಪವೇ ಬದಲು. ಫ್ರೆಂಚಿನಲ್ಲಿ ಕ್ರಿಯಾಪದ ಹಾಗೆಯೇ ಉಳಿದು ಮುಂದೆ 'ನ', ಹಿಂದೆ 'ಪಾ' ಬರುತ್ತವೆ: ನ ರಗಾರ್ದೆ ಪಾ. ಜೊತೆಗೆ ಸರ್ವನಾಮದ ಜಾಗವೂ ಬದಲಾಗುತ್ತದೆ. 'ನನಗೆ ಕೊಡು' ಎಂದರೆ 'ದೊನ್-ಮ್ವಾ'. 'ನನಗೆ ಕೊಡಬೇಡ' ಎಂದರೆ 'ನ ಮ ದೊನ್ ಪಾ'. ಹಿಂದಿದ್ದ ಸರ್ವನಾಮ ಮುಂದೆ ಬಂತು, 'ಮ್ವಾ' ಹೋಗಿ 'ಮ' ಆಯಿತು. ಇಲ್ಲಿ ಕನ್ನಡದ ನೆರವಿಲ್ಲ, ಅಭ್ಯಾಸವೇ ದಾರಿ.

ಎರಡನೆಯದು 'ಬರಲಿ', 'ಮಾಡಲಿ' ಎಂಬ ರೂಪ. ಕನ್ನಡ ವ್ಯಾಕರಣ ಇದನ್ನೂ ವಿಧ್ಯರ್ಥದಲ್ಲೇ ಸೇರಿಸುತ್ತದೆ. ಫ್ರೆಂಚಿನಲ್ಲಿ ಪ್ರಥಮ ಪುರುಷಕ್ಕೆ ವಿಧ್ಯರ್ಥವಿಲ್ಲ, ಆ ಕೆಲಸ ಸಬ್‌ಜಂಕ್ಟಿವ್ ಎಂಬ ಬೇರೆ ರೂಪದ್ದು. 'ಇರು' ಎಂಬರ್ಥದ ಕ್ರಿಯಾಪದದ ಸ್ವಾ, ಸ್ವಾಯೋಂ, ಸ್ವಾಯೆ ಎಂಬ ವಿಚಿತ್ರ ರೂಪಗಳು ಆ ಸಬ್‌ಜಂಕ್ಟಿವ್ ಕಡೆಯಿಂದಲೇ ಬಂದವು. ಏಳನೇ ತರಗತಿಗೆ ಇಷ್ಟು ಚರಿತ್ರೆ ಬೇಡ. 'ಸ್ವಾ ಸಾಜ್', ಅಂದರೆ ತಂಟೆ ಮಾಡದೆ ಇರು, ಎಂಬ ಇಡೀ ಮಾತನ್ನೇ ಕಲಿಸಿದರೆ ಸಾಕು. 'ಹೆದರಬೇಡ' ಎನ್ನುವ 'ನೆ ಪಾ ಪರ್' ಕೂಡ ಹಾಗೆಯೇ.

ಮೂರನೆಯದು ಬಳಕೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಗೆ, ಅಪ್ಪನಿಗೆ 'ಬನ್ನಿ' ಎನ್ನುತ್ತೇವೆ. ಇಂದಿನ ಫ್ರಾನ್ಸ್‌ನಲ್ಲಿ ಮಕ್ಕಳು ಅಜ್ಜಿಗೂ ಸಾಮಾನ್ಯವಾಗಿ ತ್ಯು ರೂಪದಲ್ಲೇ 'ವ್ಯಾಂ' ಎನ್ನುತ್ತಾರೆ, ಅಪರಿಚಿತ ಅಂಗಡಿಯವರಿಗೆ ವೂ ಬಳಸುತ್ತಾರೆ. ಅಲ್ಲಿ ವಯಸ್ಸಿಗಿಂತ ಸಲಿಗೆ ಮುಖ್ಯ. ಅದಲ್ಲದೆ ವೂ ರೂಪ ಹಾಕಿದ ಮಾತ್ರಕ್ಕೆ ಮಾತು ವಿನಯದ್ದಾಗುವುದಿಲ್ಲ. 'ಸಿಲ್ ವೂ ಪ್ಲೆ' ಸೇರಿಸಬೇಕು, ಇಲ್ಲವೇ 'ಕೊಡ್ತೀರಾ?' ಎಂದು ನಾವು ಕೇಳುವಂತೆ ಪ್ರಶ್ನೆಯಾಗಿ ಕೇಳಬೇಕು. ಇದನ್ನು ಹೇಳಿಕೊಡದಿದ್ದರೆ ವ್ಯಾಕರಣ ಸರಿಯಿದ್ದೂ ಮಗು ಒರಟಾಗಿ ಮಾತಾಡಿದಂತಾಗುತ್ತದೆ.

ನನ್ನ ಅಭಿಪ್ರಾಯಕ್ಕೆ ಸ್ಟಾಫ್ ರೂಮಿನಲ್ಲಿ ಮೂರು ಆಕ್ಷೇಪಗಳು ಬಂದವು. ತರಗತಿಯಲ್ಲಿ ಎಲ್ಲರ ಮನೆಮಾತು ಕನ್ನಡವಲ್ಲ ಎಂಬುದು ಒಂದು. ನಿಜ. ಆದರೆ ತಮಿಳಿನಲ್ಲಿ ವಾ, ವಾಂಗ ಇದೆ. ತೆಲುಗಿನಲ್ಲಿ ರಾ, ರಂಡಿ ಇದೆ. ಹಿಂದಿ, ಉರ್ದುವಿನಲ್ಲಿ ಆ, ಆಓ, ಆಯಿಯೇ ಎಂದು ಮೂರು ಮೆಟ್ಟಿಲೇ ಇದೆ. ಪ್ರತಿ ಮಗುವೂ ತನ್ನ ಮನೆಯ ರೂಪವನ್ನು ಹಲಗೆಗೆ ತರಬಹುದು. ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ಕಾಣಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದನ್ನು ನಾವು ಪರೀಕ್ಷೆಗೆ ಬರೆಯುತ್ತೇವೆ. ಅದನ್ನು ಪಾಠ ಯೋಜನೆಯಲ್ಲಿ ಬಳಸಲು ಇದಕ್ಕಿಂತ ಸುಲಭದ ಸಂದರ್ಭ ಸಿಗದು.

ಫ್ರೆಂಚನ್ನು ಫ್ರೆಂಚಿನಲ್ಲೇ ಕಲಿಸಬೇಕು ಎಂಬುದು ಎರಡನೆಯದು. ಅದಕ್ಕೂ ವಿಧ್ಯರ್ಥವೇ ಒಳ್ಳೆಯ ಬಾಗಿಲು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದ ವಿಧಾನದಲ್ಲಿ ಶಿಕ್ಷಕರು ಅಪ್ಪಣೆ ಹೇಳುತ್ತಾರೆ, ಮಕ್ಕಳು ಮೈ ಅಲುಗಿಸಿ ಮಾಡಿ ತೋರಿಸುತ್ತಾರೆ. ಏಳಿ, ಕೂತುಕೊಳ್ಳಿ, ಪುಸ್ತಕ ತೆರೆಯಿರಿ: ಲವೆ-ವೂ, ಅಸೆಯೆ-ವೂ, ಊವ್ರೆ ವೋ ಲೀವ್ರ್. ಫ್ರೆಂಚ್ ಪಠ್ಯಪುಸ್ತಕಗಳ ಅಭ್ಯಾಸಗಳಲ್ಲೂ ಎಕೂತೆ (ಕೇಳಿ), ರೆಪೆತೆ (ಮತ್ತೆ ಹೇಳಿ), ಕೋಂಪ್ಲೆತೆ (ಪೂರ್ಣಗೊಳಿಸಿ) ಎಂಬ ಸೂಚನೆಗಳು ಮೊದಲ ಪಾಠದಿಂದಲೇ ಇರುತ್ತವೆ. ವಿಧ್ಯರ್ಥದ ಪಾಠ ಬರುವಷ್ಟರಲ್ಲಿ ಮಗು ಅವನ್ನು ನೂರು ಸಲ ನೋಡಿರುತ್ತದೆ. ಕನ್ನಡ ಬೇಕಾದ್ದು ಮೂರು ರೂಪಗಳ ಕಾರಣ ತಿಳಿಸುವ ಐದು ನಿಮಿಷಕ್ಕೆ ಮಾತ್ರ.

ಮೂರನೆಯದು ಪರೀಕ್ಷೆ. ಪರೀಕ್ಷೆ ಕೇಳುವುದು ಪಟ್ಟಿಯನ್ನೇ. ಪಟ್ಟಿ ಬೇಡ ಎಂದು ನಾನು ಹೇಳುತ್ತಿಲ್ಲ. ವಿಜ್ಞಾನದ ತರಗತಿಯಲ್ಲಿ ಓಮನ ನಿಯಮವನ್ನು ಮೊದಲೇ ಬರೆದುಕೊಟ್ಟು ಆಮೇಲೆ ಪ್ರಯೋಗ ಮಾಡಿಸಿದರೆ ನಮ್ಮ ಮಾರ್ಗದರ್ಶಕರು ಒಪ್ಪುವುದಿಲ್ಲ. ಅಳತೆಗಳು ಮೊದಲು, ನಿಯಮ ಆಮೇಲೆ. ಭಾಷೆಯಲ್ಲೂ ಮಗು ಮೊದಲು ಹತ್ತಾರು ಅಪ್ಪಣೆಗಳನ್ನು ಕೇಳಲಿ, ಕೊಡಲಿ, ಮನೆಮಾತಿನ ಜೊತೆ ಹೋಲಿಸಲಿ. ಅವಧಿಯ ಕೊನೆಗೆ ಪಟ್ಟಿಯನ್ನು ತಾನೇ ಬರೆಯಲಿ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಒಂದು ಚಟುವಟಿಕೆ ಸೂಚಿಸುತ್ತೇನೆ. ನಾಲ್ಕು ಚೀಟಿ ಮಾಡಿ: ಗೆಳತಿ, ಮುಖ್ಯೋಪಾಧ್ಯಾಯರು, ಇಬ್ಬರು ತಮ್ಮಂದಿರು, ನಾವೆಲ್ಲರೂ. ಮಗು ಚೀಟಿ ಎತ್ತಿ ಮೊದಲು ಮನೆಮಾತಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ 'ಕೇಳು' ಎಂಬುದರ ಸರಿಯಾದ ರೂಪ ಹೇಳಬೇಕು. ಉಳಿದವರು ಅದು ಯಾರಿಗೆ ಹೇಳಿದ್ದು ಎಂದು ಊಹಿಸಬೇಕು. ಇಪ್ಪತ್ತು ನಿಮಿಷ ಸಾಕು, ಖರ್ಚಿಲ್ಲ. ಮುಖ್ಯೋಪಾಧ್ಯಾಯರ ಚೀಟಿಗೂ ತಮ್ಮಂದಿರ ಚೀಟಿಗೂ ಒಂದೇ ಉತ್ತರ ಬಂದಾಗ ಮಕ್ಕಳಲ್ಲಿ ಚರ್ಚೆ ತಾನಾಗಿ ಶುರುವಾಗುತ್ತದೆ.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಭಾಷಾ ಪಾಠಗಳ ವೀಕ್ಷಣಾ ನಮೂನೆಯಲ್ಲಿ 'ಮಕ್ಕಳ ಮನೆಮಾತಿನ ಬಳಕೆ' ಎಂಬ ಒಂದು ಸಾಲು ಸೇರಿಸಿ. ಅಂಕವಿದ್ದರೆ ನಾವೂ ಅದನ್ನು ಯೋಜಿಸುತ್ತೇವೆ.