ಅಪ್ರಕಟಿತ ಭಕ್ತಿಗೀತೆಗಳಿಗೂ ಬೇಕು ಸುಲಭ ದಾಖಲಾತಿ

ಪೂಜೆಗೆಂದು ಹಾಡು ಬರೆದು ನೋಟ್‌ಬುಕ್ಕಿನಲ್ಲೇ ಉಳಿಸಿದ ಹಿರಿಯರು ಜೈನ ಮನೆಗಳಲ್ಲಿ ಹಲವರು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಅದೇ ಹಾಡು ಬೇರೆಯವರ ಹೆಸರಿನಲ್ಲಿ ಹೊರಬಂದರೆ ನ್ಯಾಯಾಲಯದಲ್ಲಿ ನೋಂದಣಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ.

ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಆಕ್ಷೇಪಣೆಗಳಿಗಾಗಿ 30 ದಿನ ಕಾಯಬೇಕು. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಆದರೂ ಹಸ್ತಪ್ರತಿಗೆ ಮೊಹರು ಒತ್ತಿ ಒಂದು ಪ್ರತಿಯನ್ನು ಹಿಂದಿರುಗಿಸುವ ಪದ್ಧತಿ ಕಾಗದದ ಕಾಲದ್ದು. ದಿನಾಂಕ, ಸಮಯ ನಮೂದಾದ ಡಿಜಿಟಲ್ ಪ್ರತಿ, ಕನ್ನಡದ ಅರ್ಜಿ ನಮೂನೆ ಬಂದರೆ ಹಳ್ಳಿಯ ಅಜ್ಜಿಗೂ ಈ ರಕ್ಷಣೆ ಕೈಗೆಟುಕೀತು.

ಬರೆದವರು ತೀರಿಕೊಂಡ ನಂತರ ಮೊದಲು ಪ್ರಕಟವಾದ ಕೃತಿಗೆ, ಪ್ರಕಟಣೆಯ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಹಳೆಯ ನೋಟ್‌ಬುಕ್ಕನ್ನು ರದ್ದಿಗೆ ಹಾಕುವ ಮುನ್ನ ಮನೆಯವರು ಒಮ್ಮೆ ತೆರೆದು ನೋಡುವುದು ಒಳಿತು.